ಘಾನಾಗೆ ಸರಕು ಕಳ್ಸೋದು: ಡ್ಯೂಟಿ, ಲೆವಿ, ಎಕೋವಾಸ್ ರಿಯಾಯಿತಿ ಎಲ್ಲಾ ಲೆಕ್ಕ ಹಾಕೋಕೆ ಒಂದು ಸಮಗ್ರ ಮಾರ್ಗದರ್ಶಿ

ಘಾನಾದಲ್ಲಿ ಇಂಪೋರ್ಟ್ ಡ್ಯೂಟಿ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಎರಡು ಪ್ರಶ್ನೆ ಕೇಳ್ತೀನಿ: ಸರಕು ಯಾವ್ದು, ಅದು ತಯಾರಾಗಿದ್ದು ಎಲ್ಲಿ? ಮೊದಲ್ನೇದಕ್ಕೆ ಎಲ್ರೂ ಥಟ್ ಅಂತ ಉತ್ತರ ಕೊಡ್ತಾರೆ, ಎರಡನೇದನ್ನ ಮಾತ್ರ ಯಾರೂ ತಲೆಗೆ ಹಾಕ್ಕೊಳಲ್ಲ. ದುಡ್ಡು ಸೋರೋದು ಅಲ್ಲೇ. ಅದೇ ಸೋಪು ಬೆಂಗ್ಳೂರಿಂದ ಹಡಗಲ್ಲಿ ಬಂದ್ರೆ ಒಂದು ಲೆಕ್ಕ, ಪಕ್ಕದ ಐವರಿ ಕೋಸ್ಟ್ ಫ್ಯಾಕ್ಟರಿಯಿಂದ ಲಾರಿಯಲ್ಲಿ ಬಂದ್ರೆ ಬೇರೇನೇ ಲೆಕ್ಕ.

ಲೆಕ್ಕಕ್ಕೆ ಇಳಿಯೋ ಮುಂಚೆ ಸ್ವಲ್ಪ ಹಿನ್ನೆಲೆ ಬೇಕು, ಬೋರ್ ಅನ್ಸಿದ್ರೂ ಓದ್ಕೊಳ್ಳಿ. ಎಕೋವಾಸ್ ಅನ್ನೋದು ಪಶ್ಚಿಮ ಆಫ್ರಿಕಾ ದೇಶಗಳ ಆರ್ಥಿಕ ಒಕ್ಕೂಟ, 1975ರ ಮೇ 28ಕ್ಕೆ ಲಾಗೋಸ್‌ನಲ್ಲಿ ಸಹಿ ಬಿದ್ದಿದ್ದು, ಈಗ ಕಚೇರಿ ಅಬುಜಾದಲ್ಲಿ. ತುಂಬಾ ವರ್ಷ 15 ದೇಶ ಇತ್ತು. ಬುರ್ಕಿನಾ ಫಾಸೋ, ಮಾಲಿ, ನೈಜರ್ ಮೂರೂ 2025ರ ಜನವರಿ 29ಕ್ಕೆ ಅಧಿಕೃತವಾಗಿ ಹೊರಗೆ ಹೋದ್ಮೇಲೆ 12 ಉಳ್ಕೊಂಡಿವೆ. ಈ ಒಕ್ಕೂಟಕ್ಕೆ ಹೊರಗಿಂದ ಬರೋ ಸರಕಿಗೆ ಎಲ್ಲಾ ದೇಶನೂ ಒಂದೇ ಡ್ಯೂಟಿ ಹಾಕ್ಬೇಕು ಅಂತ ಮಾಡ್ಕೊಂಡಿರೋದು ಸಿಇಟಿ, ಅಂದ್ರೆ ಸಾಮಾನ್ಯ ಹೊರಸುಂಕ. 2015ರ ಜನವರಿ 1ಕ್ಕೆ ಇದು ಶುರುವಾಯ್ತು, ಘಾನಾ ಮಾತ್ರ ಒಂದು ವರ್ಷ ತಡ ಮಾಡಿ 2016ರ ಫೆಬ್ರವರಿ 1ಕ್ಕೆ ಜಾರಿಗೆ ತಂತು. ಒಳಗಿನ ದೇಶಗಳ ನಡುವೆ ಡ್ಯೂಟಿನೇ ಬೇಡ ಅಂತ ಇರೋ ಸ್ಕೀಮ್ ಇಟಿಎಲ್‌ಎಸ್. ಅದು ಇನ್ನೂ ಹಳೇದು, 1979ರಲ್ಲಿ ರೈತರ ಬೆಳೆ ಮತ್ತು ಕೈಕಸುಬಿನ ವಸ್ತುಗಳಿಗೆ ಅಂತ ಬಂತು, ಫ್ಯಾಕ್ಟರಿ ಸರಕು ಸೇರಿದ್ದು 1990ರಲ್ಲಿ. ಸಿಇಟಿ ಹೊರಗಿನವ್ರಿಗೆ, ಇಟಿಎಲ್‌ಎಸ್ ಒಳಗಿನವ್ರಿಗೆ. ಇವೆರಡನ್ನ ಕಲಸುಮೇಲೋಗರ ಮಾಡ್ಕೊಂಡ್ರೆ ಮುಂದಿಂದೆಲ್ಲಾ ಎಡವಟ್ಟಾಗುತ್ತೆ.

ಹಂತ 1: ಎಚ್‌ಎಸ್ ಕೋಡ್ ಸರಿಯಾಗಿ ಹಿಡೀರಿ

ಎಚ್‌ಎಸ್ ಕೋಡ್ ಅಂದ್ರೆ ಸರಕು ಯಾವ ಬಗೆಯದ್ದು ಅಂತ ಕಸ್ಟಮ್ಸ್‌ಗೆ ಹೇಳೋ ನಂಬರ್. ನಮ್ಮಲ್ಲಿ ಎಕ್ಸ್‌ಪೋರ್ಟ್ ಇನ್‌ವಾಯ್ಸ್‌ನಲ್ಲಿ 8 ಅಂಕಿಯ ಕೋಡ್ ಹಾಕ್ತೀವಿ, ಘಾನಾದಲ್ಲಿ 10 ಅಂಕಿ. ಇಡೀ ಪ್ರಪಂಚಕ್ಕೆ ಕಾಮನ್ ಆಗಿರೋದು ಮೊದಲ 6 ಮಾತ್ರ, ಆಮೇಲಿನದ್ದು ಅವರವರ ಮನೆ ಲೆಕ್ಕ. ಹಾಗಾಗಿ ನಮ್ಮ 8 ಅಂಕಿಗೆ ಎರಡು ಸೊನ್ನೆ ಅಂಟಿಸಿ ಕಳ್ಸೋ ಚಾಳಿ ಬಿಟ್ಬಿಡಿ, ಅದು ಹೊಂದೋದೇ ಇಲ್ಲ. ಬೈಯರ್ ಹತ್ರ ಅಥ್ವಾ ಘಾನಾದ ದೊಡ್ಡ ಬಂದರು ಟೆಮಾದಲ್ಲಿರೋ ಕ್ಲಿಯರಿಂಗ್ ಏಜೆಂಟ್ ಹತ್ರ 10 ಅಂಕಿಯ ಕೋಡ್ ತರಿಸ್ಕೊಂಡು ಮೊದಲ 6 ಅಂಕಿ ನಿಮ್ಮದಕ್ಕೆ ಮ್ಯಾಚ್ ಆಗುತ್ತಾ ನೋಡಿ. ಆಗ್ಲಿಲ್ಲ ಅಂದ್ರೆ ಕಂಟೇನರ್ ಲೋಡ್ ಆಗೋ ಮುಂಚೆನೇ ಜಗಳ ಆಡಿ ಮುಗ್ಸಿ, ಯಾಕಂದ್ರೆ ಪೋರ್ಟಲ್ಲಿ ನಿಂತ್ಮೇಲೆ ಆಡೋ ಜಗಳಕ್ಕೆ ದಿನದ ಬಾಡಿಗೆ ಬೀಳುತ್ತೆ.

ಕೋಡ್ ಬಗ್ಗೆ ನಿಜವಾಗ್ಲೂ ಡೌಟ್ ಇದ್ರೆ ಅಡ್ವಾನ್ಸ್ ರೂಲಿಂಗ್ ಅಂತ ಒಂದು ದಾರಿ ಇದೆ. ಘಾನಾದ 2015ರ ಕಸ್ಟಮ್ಸ್ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಕೊಟ್ಟಿದ್ದಾರೆ. ಸರಕಿನ ವಿವರ ಕೊಟ್ಟು ಅರ್ಜಿ ಹಾಕಿದ್ರೆ ಇದು ಈ ಕೋಡೇ ಅಂತ ಕಸ್ಟಮ್ಸ್‌ನವ್ರೇ ಬರೆದು ಕೊಡ್ತಾರೆ. ಮತ್ತೆ ಮತ್ತೆ ಕಳ್ಸೋ ಐಟಂ ಆಗಿದ್ರೆ ಇದು ಬಂಗಾರದಂಥ ಪೇಪರ್, ಆದ್ರೂ ನಮ್ಮವ್ರು ಇದನ್ನ ಬಳಸೋದೇ ಕಮ್ಮಿ.

ಹಂತ 2: ಯಾವ ಸ್ಲ್ಯಾಬ್ ನೋಡಿ

ಸಿಇಟಿಯಲ್ಲಿ ಐದೇ ಸ್ಲ್ಯಾಬ್. ಶುರುವಾದಾಗಿನ ಪಟ್ಟಿಯಲ್ಲಿ ಒಟ್ಟು 5899 ಟ್ಯಾರಿಫ್ ಲೈನ್, ಅಂದ್ರೆ ಒಂದೊಂದು ಬಗೆ ಸರಕಿಗೆ ಒಂದೊಂದು ಸಾಲು, ಇದ್ವು. ಅದ್ರಲ್ಲಿ 85 ಲೈನಿಗೆ 0%, ಅಂದ್ರೆ ಔಷಧಿ, ಪುಸ್ತಕದಂಥ ಸಮಾಜಕ್ಕೆ ಅಗತ್ಯ ಅನ್ನಿಸ್ಕೊಂಡಿರೋವು. 2146 ಲೈನಿಗೆ 5%, ಇದು ಕಚ್ಚಾ ಮಾಲು, ಮೆಷಿನರಿ ಇಂಥವಕ್ಕೆ. 1373 ಲೈನಿಗೆ 10%, ಅರ್ಧಂಬರ್ಧ ತಯಾರಾದ ಮಾಲು. 2165 ಲೈನಿಗೆ 20%, ಅಂಗಡಿಗೆ ನೇರ ಹೋಗೋ ರೆಡಿ ಸರಕು. ಉಳಿದ 130ಕ್ಕೆ 35%.

ಈ 35%ದು ಒಂದು ಕಥೆ ಇದೆ. ಬಹುಪಾಲು ಫ್ರೆಂಚ್ ಮಾತಾಡೋ ಕೆಲವು ದೇಶಗಳು ಸಿಎಫ್‌ಎ ಫ್ರಾಂಕ್ ಅನ್ನೋ ಒಂದೇ ಕರೆನ್ಸಿ ಇಟ್ಕೊಂಡು ತಮ್ಮದೇ ಒಂದು ಗುಂಪು ಮಾಡ್ಕೊಂಡಿವೆ. ಅವ್ರ ಹತ್ರ 2000ದಿಂದಲೇ 0, 5, 10, 20 ಅಂತ ನಾಲ್ಕು ಸ್ಲ್ಯಾಬ್ ಇತ್ತು, ಎಕೋವಾಸ್ ಅದನ್ನೇ ಎತ್ಕೊಂಡು ತನ್ನದು ಮಾಡ್ಕೊಳೋಕೆ ಹೊರಟಿತ್ತು. ಆಗ ನೈಜೀರಿಯಾ, ನಮ್ಮ ಕಾರ್ಖಾನೆಗಳಿಗೆ 20% ಸಾಲಲ್ಲ ಅಂತ ಪಟ್ಟು ಹಿಡಿದು ಐದನೇ ಸ್ಲ್ಯಾಬ್ ಸೇರ್ಸಿಸ್ತು. ಹೊರಗಿಂದ ಬರೋ ಕೋಳಿ ಮಾಂಸ ಈ ಸ್ಲ್ಯಾಬ್‌ನಲ್ಲೇ ಬರುತ್ತೆ. ಬ್ರೆಜಿಲ್, ಅಮೆರಿಕ, ಯುರೋಪಿನ ಫ್ರೋಜನ್ ಕೋಳಿ ಬಂದು ಬೀಳೋದ್ರಿಂದ ಘಾನಾದ ಕೋಳಿ ಸಾಕೋರು ವರ್ಷಗಟ್ಲೆ ಬಾಯಿ ಬಡ್ಕೊಂಡಿದ್ದಾರೆ, 35% ಹಾಕಿದ್ಮೇಲೂ ಆಮದು ನಿಂತಿಲ್ಲ.

ಇದನ್ನೆಲ್ಲಾ ನೋಡೋಕೆ ಘಾನಾ ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್ ಇದೆ, ಹೆಸ್ರು ಐಕಮ್ಸ್. ಹಳೇ ಸಿಸ್ಟಮ್ ತೆಗ್ದು 2020ರ ಜೂನ್‌ನಲ್ಲಿ ದೇಶಪೂರ್ತಿ ಇದನ್ನ ತಂದ್ರು. ಅದ್ರ ಪಬ್ಲಿಕ್ ಪೇಜಲ್ಲಿ ಕೋಡ್ ಹಾಕಿದ್ರೆ ಡ್ಯೂಟಿ ಎಷ್ಟು, ಯಾವ ಪರ್ಮಿಟ್ ಬೇಕು ಎಲ್ಲಾ ಬರುತ್ತೆ. ವಾಟ್ಸಾಪ್‌ನಲ್ಲಿ ಓಡಾಡೋ ಪಿಡಿಎಫ್ ನಂಬೋ ಬದಲು ಅಲ್ಲೇ ನೋಡಿ.

ಹಂತ 3: ಎಲ್ಲಿಯ ಸರಕು? ಇಲ್ಲಿ ಸ್ವಲ್ಪ ನಿಲ್ಲಿ

ಭಾರತಕ್ಕೂ ಘಾನಾಗೂ ಡ್ಯೂಟಿ ಇಳ್ಸೋ ಯಾವ ವ್ಯಾಪಾರ ಒಪ್ಪಂದನೂ ಇಲ್ಲ. ಹಾಗಾಗಿ ಬೆಂಗ್ಳೂರಿಂದಾಗ್ಲಿ ಮುಂಬೈನಿಂದಾಗ್ಲಿ ಹೋಗೋ ಸರಕಿಗೆ ಸಿಇಟಿ ರೇಟು ಪೂರ್ತಿ ಬೀಳುತ್ತೆ. ಯುರೋಪಿನವ್ರದ್ದು ಹಾಗಲ್ಲ, ಅವ್ರು ಘಾನಾ ಜೊತೆ ಮಾಡ್ಕೊಂಡ ಒಪ್ಪಂದ 2016ರ ಡಿಸೆಂಬರ್‌ನಿಂದ ತಾತ್ಕಾಲಿಕವಾಗಿ ನಡೀತಾ ಇದೆ, ಅದ್ರ ಪ್ರಕಾರ ಅವ್ರ ಬಹುಪಾಲು ಸರಕಿನ ಡ್ಯೂಟಿ ವರ್ಷದಿಂದ ವರ್ಷಕ್ಕೆ ಇಳೀತಾ ಹೋಗ್ಬೇಕು. ಜರ್ಮನಿ ಮೆಷಿನ್ ಎದುರಿಗೆ ಕೊಯಮತ್ತೂರು ಮೆಷಿನ್ ಕೋಟ್ ಮಾಡೋವಾಗ ಇದು ನೆನಪಿರ್ಲಿ.

ಇನ್ನು ಎಕೋವಾಸ್ ಒಳಗಿನ ಸರಕು. ಇಟಿಎಲ್‌ಎಸ್‌ನಲ್ಲಿ ಡ್ಯೂಟಿ ಸೊನ್ನೆ ಆಗ್ಬೇಕಾದ್ರೆ ಈ ಮೂರರಲ್ಲಿ ಒಂದು ಇರ್ಬೇಕು. ಒಂದು, ಪೂರ್ತಿ ಅಲ್ಲೇ ಬೆಳೆದಿದ್ದು, ಹಿಡಿದಿದ್ದು, ಅಗೆದಿದ್ದು ಆಗಿರ್ಬೇಕು. ಎರಡು, ಹೊರಗಿನ ಕಚ್ಚಾ ಮಾಲು ಹಾಕಿ ತಯಾರಿಸಿದ್ರೂ ಮಾಲಿನ ಟ್ಯಾರಿಫ್ ಹೆಡಿಂಗೇ (ಎಚ್‌ಎಸ್ ಕೋಡ್‌ನ ಮೊದಲ 4 ಅಂಕಿ) ಬದಲಾಗುವಷ್ಟು ಕೆಲ್ಸ ಅಲ್ಲಿ ನಡೆದಿರ್ಬೇಕು. ಮೂರು, ಅಲ್ಲಿ ಸೇರಿಸಿದ ಮೌಲ್ಯ ಫ್ಯಾಕ್ಟರಿ ಬೆಲೆಯ 30%ಕ್ಕೆ ಕಮ್ಮಿ ಇರ್ಬಾರ್ದು. ಡಬ್ಬಿಗೆ ತುಂಬೋದು, ಲೇಬಲ್ ಅಂಟಿಸೋದು, ಸುಮ್ನೆ ಬೆರೆಸೋದು ಇವ್ಯಾವೂ ಲೆಕ್ಕಕ್ಕಿಲ್ಲ.

ಪರಿಚಯದವ್ರು ಒಬ್ರು ಇದ್ರಲ್ಲೇ ಬಿದ್ರು. ಇಲ್ಲಿಂದ ಬಲ್ಕ್‌ನಲ್ಲಿ ಅಗರಬತ್ತಿ ಕಳಿಸಿ ಟೆಮಾದಲ್ಲಿ ಪ್ಯಾಕೆಟ್ ಮಾಡ್ಸಿ ಡ್ಯೂಟಿ ಇಲ್ದೆ ಲಾಗೋಸ್‌ಗೆ ಬಿಡೋದು ಅಂತ ಪ್ಲ್ಯಾನ್, ನೈಜೀರಿಯಾ ಮಾರ್ಕೆಟ್ ಎಷ್ಟು ದೊಡ್ಡದು ಗೊತ್ತಾ ಅಂತ ಎಕ್ಸೆಲ್ ಶೀಟ್ ಬೇರೆ ರೆಡಿ ಮಾಡಿದ್ರು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲ್ಸಿದ ಹಾಗೆ. ಪ್ಯಾಕೆಟ್ ಮಾಡಿದ ಮಾತ್ರಕ್ಕೆ ಅದು ಘಾನಾ ಸರಕು ಆಗಲ್ಲ, ಲಾಗೋಸ್‌ನಲ್ಲಿ ಅದು ಭಾರತದ ಅಗರಬತ್ತಿನೇ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ, ಅದ್ರಲ್ಲಿ ನಿಜವಾದ ಫ್ಯಾಕ್ಟರಿ ಹಾಕಿದವ್ರೂ ಬೀಳ್ತಾರೆ. ಟೆಮಾದಲ್ಲಿ ಫ್ರೀ ಝೋನ್ ಇದೆ, 1995ರ ಕಾಯ್ದೆಯಡಿ ಬಂದಿದ್ದು. ಅಲ್ಲಿ ಕಚ್ಚಾ ಮಾಲಿಗೆ ಡ್ಯೂಟಿ ಇಲ್ಲ, ಟ್ಯಾಕ್ಸ್ ರಜೆನೂ ಉಂಟು, 70% ಆದ್ರೂ ಎಕ್ಸ್‌ಪೋರ್ಟ್ ಮಾಡ್ಬೇಕು ಅಷ್ಟೇ. ಕೇಳೋಕೆ ಸ್ವರ್ಗ. ಆದ್ರೆ ಎಕೋವಾಸ್ ನಿಯಮದಲ್ಲಿ ಡ್ಯೂಟಿ ವಿನಾಯ್ತಿಯಲ್ಲಿ ಬಂದ ಕಚ್ಚಾ ಮಾಲಿಂದ ಇಂಥ ವಿಶೇಷ ವ್ಯವಸ್ಥೆ ಒಳಗೆ ತಯಾರಾದ ಸರಕನ್ನ ಎಕೋವಾಸ್ ಮೂಲದ್ದು ಅಂತ ಒಪ್ಪಲ್ಲ. ಅಂದ್ರೆ ಫ್ರೀ ಝೋನ್‌ನಲ್ಲಿ ಮಾಡಿ ಯುರೋಪಿಗೆ ಅಮೆರಿಕಕ್ಕೆ ಕಳ್ಸಿದ್ರೆ ಸರಿ, ಪಕ್ಕದ ಟೋಗೋಗೋ ನೈಜೀರಿಯಾಕ್ಕೋ ಡ್ಯೂಟಿ ಇಲ್ದೆ ಕಳ್ಸೋಕಾಗಲ್ಲ. ಮಾರ್ಕೆಟ್ ಯಾವ್ದು ಅಂತ ಮೊದ್ಲು ಗಟ್ಟಿ ಮಾಡ್ಕೊಂಡು ಆಮೇಲೆ ಜಾಗ ಹುಡುಕಿ.

ಹಂತ 4: ಇಟಿಎಲ್‌ಎಸ್ ರಿಜಿಸ್ಟ್ರೇಷನ್ (ಅಲ್ಲೇ ಫ್ಯಾಕ್ಟರಿ ಇದ್ದವ್ರಿಗೆ ಮಾತ್ರ)

ಕಂಪನಿಗೂ ಅಪ್ರೂವಲ್ ಬೇಕು, ಪ್ರತಿ ಪ್ರಾಡಕ್ಟ್‌ಗೂ ಬೇರೆ ಅಪ್ರೂವಲ್ ಬೇಕು. ಅರ್ಜಿಯಲ್ಲಿ ಕಚ್ಚಾ ಮಾಲು ಎಲ್ಲಿಂದ, ಎಷ್ಟು ಖರ್ಚು, ಎಷ್ಟು ಮೌಲ್ಯ ಸೇರಿತು ಎಲ್ಲಾ ಬಿಡಿಸಿ ತೋರಿಸ್ಬೇಕು. ಆಯಾ ದೇಶದ ರಾಷ್ಟ್ರೀಯ ಅಪ್ರೂವಲ್ ಕಮಿಟಿ ನೋಡಿ ಒಪ್ಪಿದ್ರೆ ಅಬುಜಾಗೆ ತಿಳಿಸುತ್ತೆ, ಅಲ್ಲಿಂದ ಉಳಿದ ದೇಶಗಳಿಗೆ ಸುದ್ದಿ ಹೋಗುತ್ತೆ. ಆಮೇಲೆ ಒಂದೊಂದು ಲೋಡಿಗೂ ಸರ್ಟಿಫಿಕೇಟ್ ಆಫ್ ಒರಿಜಿನ್ ಮಾಡ್ಸಬೇಕು. ಕಚ್ಚಾ ರೂಪದ ಬೆಳೆ, ಜಾನುವಾರು, ಕೈಯಲ್ಲಿ ಮಾಡಿದ ವಸ್ತು ಇವಕ್ಕೆ ಸರ್ಟಿಫಿಕೇಟೇ ಬೇಡ ಅಂತ ನಿಯಮ ಇದೆ.

ನಿಯಮ ಪುಸ್ತಕದಲ್ಲಿ ಚೆನ್ನಾಗಿದೆ. ಗಡಿಯಲ್ಲಿ ನಿಂತಾಗ ಪೇಪರ್ ಎಲ್ಲಾ ಸರಿ ಇದ್ರೂ ಲಿಸ್ಟ್‌ನಲ್ಲಿ ಹೆಸ್ರು ಸಿಗ್ತಿಲ್ಲ ಅಂತ ಕಾಯಿಸೋದೂ ಉಂಟು, ಹಾಗಾಗಿ ಅಪ್ರೂವಲ್ ಲೆಟರ್ ಪ್ರತಿ ಲಾರಿ ಜೊತೆ ಇಡಿ. ಒಂದು ಸಲ ನೈಜೀರಿಯಾ 2019ರ ಆಗಸ್ಟ್‌ನಲ್ಲಿ ಭೂಗಡಿನೇ ಮುಚ್ಚಿಬಿಡ್ತು, ತೆಗೆಯೋಕೆ ಶುರು ಮಾಡಿದ್ದು 2020ರ ಡಿಸೆಂಬರ್‌ನಲ್ಲಿ. ಘಾನಾದಿಂದ ಟೋಗೋ, ಬೆನಿನ್ ದಾಟಿ ಹೋಗ್ಬೇಕಿದ್ದ ಲಾರಿಗಳು ರೋಡಲ್ಲೇ ನಿಂತ್ವು. ಒಪ್ಪಂದ ಇದೆ ಅಂತ ಒಂದೇ ಮಾರ್ಕೆಟ್ ಮೇಲೆ ಎಲ್ಲಾ ಹಾಕ್ಬೇಡಿ.

ಇದ್ರ ಜೊತೆ ಆಫ್ರಿಕಾ ಖಂಡಕ್ಕೆಲ್ಲಾ ಸೇರಿ ಇರೋ ಮುಕ್ತ ವ್ಯಾಪಾರ ಒಪ್ಪಂದನೂ ಇದೆ, ಅದ್ರ ಕಚೇರಿ ಅಕ್ರಾದಲ್ಲೇ ಇರೋದು, 2021ರ ಜನವರಿ 1ಕ್ಕೆ ವ್ಯಾಪಾರ ಶುರು ಅಂತ ಘೋಷಿಸಿದ್ರು. ಕೀನ್ಯಾ, ಈಜಿಪ್ಟ್, ಕ್ಯಾಮರೂನ್ ಕಡೆ ಕಳ್ಸೋರಿಗೆ ಅದು ಬೇಕಾಗುತ್ತೆ. ಎಕೋವಾಸ್ ಒಳಗೆ ಮಾತ್ರ ಓಡಾಡೋರಿಗೆ ಇಟಿಎಲ್‌ಎಸ್ ಸಾಕು.

ಹಂತ 5: ಪರ್ಮಿಟ್, ಹಡಗು ಹತ್ತೋ ಮುಂಚೆ

ತಿನ್ನೋದು, ಕುಡಿಯೋದು, ಮೈಗೆ ಹಚ್ಚೋದು, ಮಾತ್ರೆ ಔಷಧಿ ಏನೇ ಇದ್ರೂ ಅಲ್ಲಿಯ ಫುಡ್ ಅಂಡ್ ಡ್ರಗ್ಸ್ ಅಥಾರಿಟಿಯಲ್ಲಿ ಪ್ರಾಡಕ್ಟ್ ರಿಜಿಸ್ಟರ್ ಆಗಿರ್ಬೇಕು, ಲೇಬಲ್ ಇಂಗ್ಲಿಷ್‌ನಲ್ಲಿ ಇರ್ಬೇಕು. ಎಲೆಕ್ಟ್ರಿಕ್ ಸಾಮಾನು, ಕಟ್ಟಡದ ಸಾಮಾನು ಇಂಥವು ಸ್ಟ್ಯಾಂಡರ್ಡ್ಸ್ ಅಥಾರಿಟಿ ಕೈಗೆ ಬರುತ್ತೆ, ಗುಣಮಟ್ಟದ ಸರ್ಟಿಫಿಕೇಟ್ ಕೇಳ್ತಾರೆ. ಕೆಲವು ಔಷಧಿನ ಲೋಕಲ್ ಕಂಪನಿಗಳಿಗೆ ಅಂತ್ಲೇ ಮೀಸಲಿಟ್ಟು ರೆಡಿ ಮಾತ್ರೆ ಆಮದು ನಿಲ್ಸಿದ್ದಾರೆ, ಫಾರ್ಮಾದವ್ರು ಲಿಸ್ಟ್ ತರಿಸ್ಕೊಂಡು ನೋಡ್ಲೇಬೇಕು. ಸೆಕೆಂಡ್ ಹ್ಯಾಂಡ್ ಫ್ರಿಜ್ಜು ಏಸಿ 2013ರಿಂದ ಬ್ಯಾನ್.

ಹಂತ 6: ಸಿಐಎಫ್ ಬೆಲೆ ಮತ್ತು ಇನ್ಶೂರೆನ್ಸ್ ಚೇಷ್ಟೆ

ಡ್ಯೂಟಿ ಬೀಳೋದು ಸಿಐಎಫ್ ಮೇಲೆ, ಅಂದ್ರೆ ಸರಕಿನ ಬೆಲೆ, ಇನ್ಶೂರೆನ್ಸ್, ಹಡಗಿನ ಬಾಡಿಗೆ ಮೂರೂ ಸೇರಿ. ಆದ್ರೆ ಘಾನಾಗೆ ಬರೋ ಸರಕಿನ ಇನ್ಶೂರೆನ್ಸ್ ಘಾನಾದ ಕಂಪನಿಯಲ್ಲೇ ಮಾಡ್ಸಬೇಕು ಅಂತ ಅವ್ರ ಕಾನೂನು ಹೇಳುತ್ತೆ. ಹಾಗಾಗಿ ನೀವಿಲ್ಲಿ ಇನ್ಶೂರೆನ್ಸ್ ಸೇರ್ಸಿ ಸಿಐಎಫ್ ಕೋಟ್ ಕೊಟ್ರೆ ಬೈಯರ್ ಅಲ್ಲಿ ಇನ್ನೊಂದ್ಸಲ ಪ್ರೀಮಿಯಂ ಕಟ್ಬೇಕಾಗಬಹುದು. ಸಿ ಅಂಡ್ ಎಫ್ ಕೋಟ್ (ಸರಕಿನ ಬೆಲೆ, ಹಡಗಿನ ಬಾಡಿಗೆ ಮಾತ್ರ) ಕೊಟ್ಬಿಡಿ, ಇನ್ಶೂರೆನ್ಸ್ ಅವ್ರಿಗೇ ಬಿಡಿ, ಇಬ್ರಿಗೂ ನೆಮ್ಮದಿ.

ಬೆಲೆ ಕಮ್ಮಿ ತೋರ್ಸಿ ಇನ್‌ವಾಯ್ಸ್ ಕೊಡಿ ಅಂತ ಬೈಯರ್ ಕೇಳೋದು ಮಾಮೂಲು. ಮಾಡ್ಬೇಡಿ. ಕಸ್ಟಮ್ಸ್ ಹತ್ರ ಹಳೇ ರೇಟುಗಳ ಡೇಟಾ ಇದೆ, ಡೌಟ್ ಬಂದ್ರೆ ಬೆಲೆ ಅವ್ರೇ ಏರಿಸ್ತಾರೆ. 2019ರಲ್ಲಿ ಬೆಂಚ್‌ಮಾರ್ಕ್ ರಿಯಾಯಿತಿ ಅಂತ ಬಂದು ಬಹಳಷ್ಟು ಸರಕಿನ ಕಸ್ಟಮ್ಸ್ ಬೆಲೆನ 50% ಇಳ್ಸಿ ಲೆಕ್ಕ ಹಾಕ್ತಿದ್ರು, ವಾಹನಕ್ಕೆ 30%. 2022ರಲ್ಲಿ ಅದನ್ನ 30 ಮತ್ತು 10ಕ್ಕೆ ತಂದ್ರು, 2023ರ ಜನವರಿಗೆ ಪೂರ್ತಿ ತೆಗೆದ್ರು. ಹಳೇ ವಿಡಿಯೋ ನೋಡಿ ಲೆಕ್ಕ ಹಾಕೋರು ಈಗ್ಲೂ ಆ ರಿಯಾಯಿತಿ ಇದೆ ಅಂದ್ಕೊಂಡೇ ಬರ್ತಾರೆ.

ಡಾಲರ್‌ನಿಂದ ಘಾನಾದ ಕರೆನ್ಸಿ ಸೀಡಿಗೆ ಬದಲಾಯಿಸೋಕೆ ಬ್ಯಾಂಕ್ ರೇಟ್ ಅಲ್ಲ, ಘಾನಾ ರೆವಿನ್ಯೂ ಅಥಾರಿಟಿ ಪ್ರತಿ ವಾರ ಹಾಕೋ ಕಸ್ಟಮ್ಸ್ ರೇಟ್ ತಗೋಬೇಕು.

ಹಂತ 7: ಈಗ ಲೆಕ್ಕ

ಸಿಐಎಫ್ 1,00,000 ಸೀಡಿ, 20% ಸ್ಲ್ಯಾಬ್ ಅಂತ ಇಟ್ಕೊಳ್ಳಿ, ಸರಕು ಭಾರತದ್ದು. ಡ್ಯೂಟಿ 20,000. ಅದ್ರ ಜೊತೆ ಸಿಐಎಫ್ ಮೇಲೇ ಬೀಳೋ ಲೆವಿಗಳು, ಅಂದ್ರೆ ಸಣ್ಣ ಹೆಚ್ಚುವರಿ ಸುಂಕಗಳು. ಎಕೋವಾಸ್ ಲೆವಿ 0.5%, ಅಂದ್ರೆ 500. ಆಫ್ರಿಕನ್ ಯೂನಿಯನ್ ಲೆವಿ 0.2%, ಅಂದ್ರೆ 200. ಘಾನಾದ ಎಕ್ಸಿಮ್ ಬ್ಯಾಂಕಿಗೆ ಹೋಗೋ ಎಕ್ಸಿಮ್ ಲೆವಿ 0.75%, ಅಂದ್ರೆ 750. ಸ್ಪೆಷಲ್ ಇಂಪೋರ್ಟ್ ಲೆವಿ 2%, ಅಂದ್ರೆ 2,000. ಈ ಕೊನೇದು 2013ರಲ್ಲಿ ತಾತ್ಕಾಲಿಕ ಅಂತ ಬಂದಿದ್ದು, ಊರಿಗೆ ಬಂದ ನೆಂಟ ಹಾಗೇ ಉಳ್ಕೊಂಡ ಹಾಗೆ ಗಡುವು ಮುಂದಕ್ಕೆ ಹೋಗ್ತಾನೇ ಇದೆ. ಎಲ್ಲಾ ಸರಕಿಗೂ ಇದು ಬೀಳಲ್ಲ, ಕೋಡ್ ಹಾಕಿ ನೋಡ್ಕೊಳ್ಳಿ.

ಆಮೇಲೆ ವ್ಯಾಟ್. ಇದನ್ನ ಬರೀ ಸಿಐಎಫ್ ಮೇಲೆ ಹಾಕಿ ಲೆಕ್ಕ ತಪ್ಪೋರೇ ಜಾಸ್ತಿ. ಸಿಐಎಫ್‌ಗೆ ಡ್ಯೂಟಿ ಸೇರಿದ ಮೊತ್ತದ ಮೇಲೆ ಹಾಕ್ಬೇಕು, ಅಂದ್ರೆ ಇಲ್ಲಿ 1,20,000ದ ಮೇಲೆ. 2026ರ ಜನವರಿಯಿಂದ ಹೊಸ ವ್ಯವಸ್ಥೆ: ವ್ಯಾಟ್ 15%, ಆರೋಗ್ಯ ವಿಮೆ ಲೆವಿ 2.5%, ಶಿಕ್ಷಣ ನಿಧಿ ಲೆವಿ 2.5%, ಒಟ್ಟು 20%. ನಮ್ಮ ಉದಾಹರಣೆಗೆ 24,000. ಎಲ್ಲಾ ಕೂಡಿದ್ರೆ 47,450 ಸೀಡಿ. ಸ್ಲ್ಯಾಬ್ 20% ಅಂದ್ರೂ ಪೋರ್ಟಲ್ಲಿ ಬಿಚ್ಚಿದ್ದು 47%ಕ್ಕೂ ಜಾಸ್ತಿ, ಅದೂ ನೆಟ್‌ವರ್ಕ್ ಚಾರ್ಜು, ಹ್ಯಾಂಡ್ಲಿಂಗು, ಏಜೆಂಟ್ ಫೀ ಎಲ್ಲಾ ಬಿಟ್ಟು.

2025ರ ತನಕ ಹೇಗಿತ್ತು ಅಂದ್ರೆ ಆ ಎರಡು ಲೆವಿ ಜೊತೆ 1% ಕೋವಿಡ್ ಲೆವಿನೂ ಇತ್ತು, ಮೂರೂ ಸೇರಿ 6% ಮೊದ್ಲು ಕೂಡಿಸಿ ಅದ್ರ ಮೇಲೆ ಮತ್ತೆ ವ್ಯಾಟ್ 15%, ಟ್ಯಾಕ್ಸ್ ಮೇಲೆ ಟ್ಯಾಕ್ಸ್. ನಿಜವಾಗಿ ಬೀಳ್ತಿದ್ದಿದ್ದು 21.9%, ಇದೇ ಸರಕಿಗೆ 26,280. ಈಗ 2,280 ಉಳಿತಾಯ. ಇದಕ್ಕಿಂತ ಮುಖ್ಯವಾದ ಬದಲಾವಣೆ ಏನಂದ್ರೆ, ಹಿಂದೆ ಆ ಲೆವಿಗಳನ್ನ ವ್ಯಾಪಾರಿ ಇನ್‌ಪುಟ್ ಆಗಿ ವಾಪಸ್ ತಗೊಳೋ ಹಾಗಿರ್ಲಿಲ್ಲ, ಈಗ ವ್ಯಾಟ್ ರಿಜಿಸ್ಟರ್ ಆದವ್ರು ತಗೋಬಹುದು, ನಮ್ಮ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಥರಾನೇ.

ಇದೇ 1,00,000 ಸೀಡಿ ಸರಕು ಐವರಿ ಕೋಸ್ಟ್‌ನ ಅಪ್ರೂವ್ಡ್ ಫ್ಯಾಕ್ಟರಿಯಿಂದ ಇಟಿಎಲ್‌ಎಸ್ ಪೇಪರ್ ಸಮೇತ ಎಲುಬೊ ಗಡಿಯಲ್ಲಿ ಒಳಗೆ ಬಂತು ಅನ್ನಿ. ಡ್ಯೂಟಿ ಸೊನ್ನೆ. ಎಕೋವಾಸ್ ಲೆವಿ ಇಲ್ಲ, ಅದು ಹೊರಗಿನ ಸರಕಿಗೆ ಮಾತ್ರ. ಆಫ್ರಿಕನ್ ಯೂನಿಯನ್ ಲೆವಿನೂ ಆಫ್ರಿಕಾ ಹೊರಗಿನ ಸರಕಿಗೇ. ಎಕ್ಸಿಮ್, ಸ್ಪೆಷಲ್ ಇಂಪೋರ್ಟ್ ಲೆವಿ ಬೀಳುತ್ತಾ ಅಂತ ಏಜೆಂಟ್ ಹತ್ರ ಕೇಳ್ಕೊಳ್ಳಿ, ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ವ್ಯಾಟ್ ಮಾತ್ರ ಬಿಡಲ್ಲ, ಅದು ಒಳಗಿನ ಟ್ಯಾಕ್ಸು, ಆದ್ರೆ ಡ್ಯೂಟಿ ಇಲ್ದೇ ಇರೋದ್ರಿಂದ ಲೆಕ್ಕ 1,00,000ದ ಮೇಲೆ, 20,000 ಆಯ್ತು. 47 ಸಾವಿರ ಎಲ್ಲಿ, 20 ಸಾವಿರ ಎಲ್ಲಿ! ಭಾರತದ ಕಂಪನಿಗಳು ಸೋಪು, ಪ್ಲಾಸ್ಟಿಕ್ಕು, ಸ್ಟೀಲು ಅಂತ ಅಲ್ಲೇ ಹೋಗಿ ಫ್ಯಾಕ್ಟರಿ ಹಾಕೋದಕ್ಕೆ ಈ ವ್ಯತ್ಯಾಸನೂ ಒಂದು ಕಾರಣ.

ಹಂತ 8: ಐಕಮ್ಸ್‌ನಲ್ಲಿ ಪೇಪರ್ ಓಡೋ ದಾರಿ

ಇದು ಬೈಯರ್ ಕಡೆಯ ಕೆಲ್ಸ, ಆದ್ರೂ ಕ್ರಮ ನಿಮಗೆ ಗೊತ್ತಿದ್ರೆ ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಕೇಳ್ಬಹುದು. ಮೊದ್ಲು ಆ ಲೋಡಿಗೆ ಒಂದು ವಿಶಿಷ್ಟ ನಂಬರ್ ತೆಗೀತಾರೆ, ಆಮೇಲೆ ಇಂಪೋರ್ಟ್ ಡಿಕ್ಲರೇಷನ್ ಫಾರ್ಮ್, ಜೊತೆಗೆ ಪರ್ಮಿಟ್‌ಗಳು. ಲೈಸೆನ್ಸ್ ಇರೋ ಏಜೆಂಟ್ ಬಿಲ್ ಆಫ್ ಎಂಟ್ರಿ ಹಾಕ್ತಾರೆ, ಕಸ್ಟಮ್ಸ್‌ನವ್ರು ಕೋಡ್ ಮತ್ತು ಬೆಲೆ ಪರಿಶೀಲಿಸಿ ರಿಪೋರ್ಟ್ ಕೊಡ್ತಾರೆ. ತಕರಾರು ಬರೋದು ಇಲ್ಲೇ, ಅದಕ್ಕೇ ಬ್ಯಾಂಕ್ ಪೇಮೆಂಟ್ ಪ್ರೂಫ್, ಪ್ರೈಸ್ ಲಿಸ್ಟ್ ಎಲ್ಲಾ ರೆಡಿ ಇಟ್ಟಿರಿ. ಡ್ಯೂಟಿ ಕಟ್ಟಿದ್ಮೇಲೆ ಸ್ಕ್ಯಾನಿಂಗೋ ಬಿಚ್ಚಿ ನೋಡೋದೋ ಆಗಿ ರಿಲೀಸ್ ಬರುತ್ತೆ. ಅಷ್ಟಕ್ಕೇ ಗೇಟ್ ತೆಗೆಯಲ್ಲ, ಶಿಪ್ಪಿಂಗ್ ಲೈನ್‌ನ ಡೆಲಿವರಿ ಆರ್ಡರ್ ಬೇರೆ ಬೇಕು.

ಪೋರ್ಟಿನ ಬಾಡಿಗೆ ಬೇರೆ, ಕಂಟೇನರ್ ವಾಪಸ್ ಕೊಡೋಕೆ ಲೇಟಾದ್ರೆ ಶಿಪ್ಪಿಂಗ್ ಲೈನ್ ಹಾಕೋ ಡೆಮರೇಜ್ ಬೇರೆ, ಎರಡೂ ಒಟ್ಟೊಟ್ಟಿಗೇ ಓಡ್ತವೆ. ಒರಿಜಿನಲ್ ಪೇಪರ್ ಕೊರಿಯರ್‌ನಲ್ಲಿ ಎರಡು ದಿನ ಲೇಟಾಗಿದ್ದಕ್ಕೆ ಲಾಭ ಪೂರ್ತಿ ತಿಂದುಕೊಂಡಿದ್ದು ನಾನೇ ನೋಡಿದ್ದೀನಿ. ಪೇಪರ್ ಹಡಗಿಗಿಂತ ಮುಂಚೆ ಟೆಮಾ ಮುಟ್ಟಿರ್ಬೇಕು.

ನಾನೇ ಅಲ್ಲಿ ಹೋಗಿ ಅಂಗಡಿ ಹಾಕ್ತೀನಿ ಅನ್ನೋರಿಗೆ ಒಂದು ಮಾತು: ಘಾನಾದ 2013ರ ಹೂಡಿಕೆ ಕಾಯ್ದೆ ವಿದೇಶಿಯರ ಟ್ರೇಡಿಂಗ್‌ಗೆ ಕನಿಷ್ಠ 10 ಲಕ್ಷ ಡಾಲರ್ ಬಂಡವಾಳ ಮತ್ತು 20 ಜನ ನುರಿತ ಘಾನಾದವ್ರಿಗೆ ಕೆಲ್ಸ ಅಂತ ಷರತ್ತು ಹಾಕಿತ್ತು. ಸಂತೆ ಮಾರ್ಕೆಟ್‌ನ ಚಿಲ್ಲರೆ ವ್ಯಾಪಾರ ಅಂತೂ ಅಲ್ಲಿಯವ್ರಿಗೇ ಮೀಸಲು, ಇದೇ ವಿಷ್ಯಕ್ಕೆ ಅಕ್ರಾದಲ್ಲಿ ವಿದೇಶಿ ಅಂಗಡಿಗಳಿಗೆ ಬೀಗ ಬಿದ್ದಿದ್ದೂ ಇದೆ. ಇವತ್ತಿನ ಷರತ್ತು ಏನು ಅಂತ ಹೂಡಿಕೆ ಕೇಂದ್ರದಲ್ಲಿ ಕೇಳ್ಕೊಂಡೇ ಹೆಜ್ಜೆ ಇಡಿ.

ಹಂತ 9: ಟೆಮಾದಿಂದ ಮುಂದಕ್ಕೆ, ಬುರ್ಕಿನಾ ಕಡೆ

ಬುರ್ಕಿನಾ ಫಾಸೋ, ಮಾಲಿ, ನೈಜರ್ ಮೂರಕ್ಕೂ ಸಮುದ್ರ ಇಲ್ಲ, ಟೆಮಾದಲ್ಲಿ ಇಳಿದ ಸರಕು ಎಷ್ಟೋ ಉತ್ತರಕ್ಕೆ ಹೋಗುತ್ತೆ. ಟ್ರಾನ್ಸಿಟ್ ಅಂತ ಡಿಕ್ಲೇರ್ ಮಾಡಿ ಬಾಂಡ್ (ಡ್ಯೂಟಿಗೆ ಖಾತ್ರಿ) ಕೊಟ್ರೆ ಘಾನಾದಲ್ಲಿ ಡ್ಯೂಟಿ ಕಟ್ಟೋದು ಬೇಡ, ಆದ್ರೆ ಲಾರಿ ಗಡಿ ದಾಟಿದ್ದು ಸಿಸ್ಟಮ್‌ನಲ್ಲಿ ದಾಖಲಾಗ್ಲೇಬೇಕು, ಇಲ್ಲಾಂದ್ರೆ ಸರಕು ದಾರಿಯಲ್ಲೇ ಮಾರಿದ್ದಾರೆ ಅಂತ ಬಾಂಡ್ ಮುಟ್ಟುಗೋಲು.

ಈ ಮೂರು ದೇಶ ಎಕೋವಾಸ್ ಬಿಟ್ಟ ದಿನಾನೇ, ಮುಂದಿನ ಸೂಚನೆ ತನಕ ಅವ್ರ ಸರಕಿಗೆ ಇಟಿಎಲ್‌ಎಸ್ ಸೌಲಭ್ಯ ಮುಂದುವರೀಲಿ ಅಂತ ಎಕೋವಾಸ್ ಹೇಳ್ತು. ಅವ್ರು ಮಾತ್ರ 2025ರ ಮಾರ್ಚ್‌ನಲ್ಲಿ ತಮ್ಮ ಹೊಸ ಒಕ್ಕೂಟದ ಹೆಸ್ರಲ್ಲಿ ಹೊರಗಿಂದ ಬರೋ ಸರಕಿಗೆ 0.5% ಲೆವಿ ಹಾಕಿದ್ರು, ಎಕೋವಾಸ್ ದೇಶದ ಸರಕಿಗೂ ಸೇರಿ. ಸಿಎಫ್‌ಎ ಫ್ರಾಂಕ್ ಗುಂಪಲ್ಲಿ ಅವ್ರು ಇನ್ನೂ ಇದ್ದಾರೆ, ಹಾಗಾಗಿ ಟೋಗೋ, ಐವರಿ ಕೋಸ್ಟ್ ಜೊತೆಗಿನ ಅವ್ರ ಲೆಕ್ಕ ಬೇರೆ, ಆ ಗುಂಪಲ್ಲಿ ಇಲ್ದಿರೋ ಘಾನಾ ಜೊತೆಗಿಂದು ಬೇರೆ. ಟೆಮಾದಿಂದ ಹೊರಟ ಲಾರಿ ಬುರ್ಕಿನಾ ಕಡೆಯ ಪಾಗಾ ಗಡಿ ಮುಟ್ಟೋಕೆ ಇಡೀ ದೇಶನೇ ದಾಟ್ಬೇಕು. ಆ ಕಡೆಯ ಏಜೆಂಟ್‌ಗೆ ಫೋನ್ ಹಾಕಿ ಈ ವಾರ ಏನು ಕೇಳ್ತಿದ್ದಾರೆ ಅಂತ ತಿಳ್ಕೊಂಡ ಮೇಲೇನೇ ಲಾರಿ ಬಿಡಿ.